ನಾಳೆಯ ಕೀಲಿಕೈ ಯಾರ ಬಳಿಯಲ್ಲಿದೆ?

"ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಮುಂಬಯಿಯಂಥ ಮಹಾನಗರವೆಂದರೆ ಹಗಲಿರುಳೂ ನೆರೆದಿರುವ ಒಂದು ಸಂತೆಯೇ ಸರಿ. ಇಲ್ಲಿ ನಿದ್ದೆಗೆಟ್ಟವರನ್ನು ಕಂಡಾಗ ಸದ್ದುಗದ್ದಲವೇ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ಮೂವತ್ತು ವರ್ಷಗಳಿಂದ ಈ ನಗರದ ಉಪನಗರವೊಂದರಲ್ಲಿ ಕುಟುಂಬ ವೈದ್ಯನಾಗಿರುವ ನನ್ನ ಅನುಭವ ಬೇರೆಯೇ ಆಗಿದೆ. ರೈಲುಹಳಿಯ ಮಗ್ಗುಲಿನ ಚಾಳಿನಲ್ಲಿ ಗಾಢವಾಗಿ ನಿದ್ರಿಸುವವರನ್ನೂ, ಹನ್ನೆರಡನೆಯ ಮಹಡಿಯ ನಿಶ್ಶಬ್ದವಾದ ಕೋಣೆಯಲ್ಲಿ ಬೆಳಗಿನ ಜಾವದವರೆಗೆ ಮಗ್ಗುಲು ಬದಲಿಸುವವರನ್ನೂ ನಾನು ಕಂಡಿದ್ದೇನೆ. ಹೊರಗಿನ ಸದ್ದಿಗಿಂತ ಹೆಚ್ಚಾಗಿ ನಿದ್ದೆಯನ್ನು ಕದಿಯುವುದು "ನಾಳೆ ಏನಾದೀತು?" ಎಂಬ ಒಳಗಿನ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರವಿಲ್ಲ. ಉತ್ತರವಿಲ್ಲದ ಪ್ರಶ್ನೆಯೊಡನೆ ಆರೋಗ್ಯದಿಂದ ಬಾಳುವುದು ಹೇಗೆ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಹನ್ನೊಂದು ಬಾರಿ ಅಳೆದ ರಕ್ತದೊತ್ತಡ

ಕುಂದಾಪುರದ ಕಡೆಯ ಹಿರಿಯರೊಬ್ಬರು ಒಮ್ಮೆ ನನ್ನ ದವಾಖಾನೆಗೆ ಬಂದರು. ಬ್ಯಾಂಕೊಂದರಲ್ಲಿ ಲೆಕ್ಕಪತ್ರ ನೋಡಿಕೊಂಡು ನಿವೃತ್ತರಾದವರು. ಅವರ ಕೈಯಲ್ಲಿ ಗೆರೆ ಎಳೆದ ಪುಸ್ತಕವಿತ್ತು. ಅದರಲ್ಲಿ ದಿನಕ್ಕೆ ಹನ್ನೊಂದು ಬಾರಿ ಅಳೆದ ರಕ್ತದೊತ್ತಡದ ಅಂಕೆಗಳು! ಬೆಳಿಗ್ಗೆ ಇದ್ದ ಅಂಕೆಗಿಂತ ರಾತ್ರಿಯದು ಹೆಚ್ಚು. ರಾತ್ರಿ ಎರಡು ಗಂಟೆಗೆ ಎದ್ದು ಅಳೆದದ್ದು ಇನ್ನೂ ಹೆಚ್ಚು. "ಡಾಕ್ಟ್ರೇ, ಇದನ್ನು ಹತೋಟಿಗೆ ತರಲೇಬೇಕು" ಎಂದರು.

ಸ್ವಲ್ಪ ಹೊತ್ತು ಮಾತನಾಡಿಸಿದ ಮೇಲೆ ವಿಷಯ ತಿಳಿಯಿತು. ನೌಕರಿಗೆ ಸೇರಿದ ದಿನದಿಂದಲೂ ಅವರ ಮನಸ್ಸಿನಲ್ಲಿದ್ದದ್ದು ಒಂದೇ ಯೋಜನೆ: ನಿವೃತ್ತಿಯಾದ ಮರುತಿಂಗಳೇ ಊರಿಗೆ ಮರಳುವುದು. ಹೊಟ್ಟೆಬಟ್ಟೆ ಕಟ್ಟಿ ಹಣ ಕೂಡಿಸಿ, ಊರಿನಲ್ಲಿ ಮನೆ ಕಟ್ಟಿಸಿ, ಅಂಗಳದಲ್ಲಿ ತೆಂಗಿನ ಸಸಿಗಳನ್ನೂ ನೆಡಿಸಿದ್ದರು. ಗೃಹಪ್ರವೇಶವಾದ ವರ್ಷವೇ ಅವರ ಪತ್ನಿಯ ಮೂತ್ರಪಿಂಡಗಳು ಕೆಟ್ಟವು. ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಆಗಬೇಕಾಯಿತು. ಆಸ್ಪತ್ರೆ ಇಲ್ಲಿ, ಮಗಳು ಇಲ್ಲಿ. ಊರಿನ ಮನೆಗೆ ಬೀಗ. ಅವರು ಪ್ರತಿ ತಿಂಗಳೂ ಹೊಸ ತಾರೀಖು ಗೊತ್ತುಮಾಡುವರು, ರೈಲಿನ ಟಿಕೆಟು ಮಾಡಿಸುವರು, ರದ್ದುಪಡಿಸುವರು. ಊರಿಗೆ ದಿನಕ್ಕೆರಡು ಸಲ ದೂರವಾಣಿ ಮಾಡಿ ಬಾವಿಯ ನೀರು, ಹೆಂಚಿನ ಸೋರಿಕೆ, ತೆಂಗಿನ ಸಸಿ ಎಲ್ಲವನ್ನೂ ವಿಚಾರಿಸುವರು. ಪತ್ನಿಯ ಊಟದ ಉಪ್ಪನ್ನು ತೂಗುವರು. ಆದರೆ ಆಸ್ಪತ್ರೆಯಲ್ಲಿ ಆಕೆಯ ಬಳಿ ನಾಲ್ಕು ಗಂಟೆ ಸುಮ್ಮನೆ ಕುಳಿತಿರಲು ಮಾತ್ರ ಅವರಿಂದಾಗದು!

ಅಂಕೆಗಳ ಪುಸ್ತಕವನ್ನು ನಾನು ನೋಡುತ್ತಿದ್ದಾಗ, ಬದಿಯಲ್ಲಿ ಕುಳಿತಿದ್ದ ಆ ತಾಯಿ ಮೆಲ್ಲನೆ ಹೇಳಿದರು: "ಊರು ಎಲ್ಲಿಗೂ ಓಡಿಹೋಗುವುದಿಲ್ಲ. ನೀವು ಮಾತ್ರ ಅಲ್ಲೂ ಇಲ್ಲ, ಇಲ್ಲೂ ಇಲ್ಲ."

ಆ ಮಾತಿಗಿಂತ ಉತ್ತಮವಾದ ರೋಗನಿರ್ಣಯವನ್ನು ನಾನು ಮಾಡಲಾರದವನಾಗಿದ್ದೆ.

ಶರೀರಶಾಸ್ತ್ರದ ಸಾಕ್ಷ್ಯ

ಅಪಾಯವನ್ನು ಕಂಡೊಡನೆ ಹೋರಾಡಲು ಅಥವಾ ಓಡಲು ದೇಹವು ಸಿದ್ಧವಾಗುವ ಬಗೆಯನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಷ್ಟು ಹಿಂದೆಯೇ ವಿವರಿಸಿದ್ದನು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ರಸವನ್ನು ಸ್ರವಿಸುತ್ತವೆ. ಎದೆ ಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ರಕ್ತಕ್ಕೆ ಸಕ್ಕರೆ ಹರಿದುಬರುತ್ತದೆ. ಹುಲಿಯನ್ನು ಕಂಡವನಿಗೆ ಇದು ವರ. ಓಟ ಮುಗಿದ ಮೇಲೆ ಎಲ್ಲವೂ ಯಥಾಸ್ಥಿತಿಗೆ ಬರುತ್ತದೆ. ಆದರೆ ಬಂದೂ ಬಾರದ, ಹೋಗಿಯೂ ಹೋಗದ ಹುಲಿಯನ್ನು ಮನಸ್ಸಿನಲ್ಲಿಯೇ ಕಟ್ಟಿಕೊಂಡವನ ಗತಿಯೇನು? ಅಂಥವನ ಶರೀರಕ್ಕೆ ಬಿಡುವೆಂಬುದೇ ಇಲ್ಲ. ಬಿಡುವಿಲ್ಲದ ಒತ್ತಡವು ದೇಹವನ್ನು ಕ್ರಮೇಣ ಬಳಲಿಸುತ್ತದೆಂದು 1936ರಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದನು.

2016ರಲ್ಲಿ ಲಂಡನ್ನಿನ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವೊಂದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. 45 ಮಂದಿ ಸ್ವಯಂಸೇವಕರು ಗಣಕಯಂತ್ರದ ತೆರೆಯ ಮೇಲೆ, ಯಾವ ಕಲ್ಲಿನ ಅಡಿಯಲ್ಲಿ ಹಾವಿದೆಯೆಂದು ಊಹಿಸಬೇಕಿತ್ತು. ಹಾವು ಕಂಡರೆ ಕೈಗೆ ನೋಯುವಂಥ ವಿದ್ಯುತ್ ಆಘಾತ. ಆಘಾತ ಆಗಿಯೇ ತೀರುವುದೆಂದು ತಿಳಿದಿದ್ದಾಗ ಜನರಿಗೆ ಆದ ಒತ್ತಡಕ್ಕಿಂತ, ಆಗಲೂಬಹುದು ಆಗದಿರಲೂಬಹುದು ಎಂಬ ಸಮಸಮ ಸಂದೇಹದ ಸ್ಥಿತಿಯಲ್ಲಿ ಆದ ಒತ್ತಡವೇ ಅಧಿಕವಾಗಿತ್ತು! ಖಚಿತವಾದ ನೋವಿಗಿಂತ ಅನಿಶ್ಚಿತವಾದ ನೋವನ್ನು ಸಹಿಸುವುದು ಮನುಷ್ಯನಿಗೆ ಕಷ್ಟವೆಂದಾಯಿತು.

ಹಾಗಾದರೆ ಅನಿಶ್ಚಿತತೆಯನ್ನೇ ಇಲ್ಲವಾಗಿಸೋಣವೆಂದರೆ ಅದು ಸಾಧ್ಯವೇ? ಇಲ್ಲಿಯೇ ನಾವು ಎಡವುವುದು. ಮತ್ತೆ ಮತ್ತೆ ವಿಚಾರಿಸುವುದು, ಅಳೆಯುವುದು, ಲೆಕ್ಕ ಹಾಕುವುದು ಇವೆಲ್ಲ ಕ್ಷಣಕಾಲ ಸಮಾಧಾನ ಕೊಡುತ್ತವೆ. ಆದರೆ ಸಂದೇಹ ಮರಳಿ ಬಂದಾಗ ಅದನ್ನು ತಾಳುವ ಶಕ್ತಿ ಮೊದಲಿಗಿಂತ ಕುಂದಿರುತ್ತದೆ. ತುರಿಕೆಯನ್ನು ಕೆರೆದಷ್ಟೂ ಗಾಯ ದೊಡ್ಡದಾಗುವಂತೆ ಇದು.

ಈ ನಗರವೇ ಕಲಿಸಿದ ಪಾಠ

2005ರ ಜುಲೈ 26ನ್ನು ಮುಂಬಯಿಯ ಹಳಬರು ಮರೆತಿರಲಾರರು. ಅಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸಾಂತಾಕ್ರೂಜಿನಲ್ಲಿ ಬಿದ್ದ ಮಳೆ 944 ಮಿಲಿಮೀಟರು. ಅದೇ ನಗರದ ಕೊಲಾಬಾದಲ್ಲಿ ಸುಮಾರು 73 ಮಿಲಿಮೀಟರು ಮಾತ್ರ. ಒಂದೇ ಊರು, ಒಂದೇ ದಿನ! ಎಂದಿನಂತೆ ಮನೆಗೆ ಹೊರಟವರು ಎದೆಮಟ್ಟದ ನೀರಿನಲ್ಲಿ ಸಿಕ್ಕಿಕೊಂಡರು. ಆ ರಾತ್ರಿ ಎಷ್ಟೋ ಮಂದಿಯನ್ನು ಉಳಿಸಿದ್ದು ಅವರವರ ಯೋಜನೆಯಲ್ಲ. ಗುರುತಿಲ್ಲದ ಮನೆಯವರು ತೆರೆದ ಬಾಗಿಲು, ಕೊಟ್ಟ ಚಹಾ, ನೀಡಿದ ಕೈ.

ಅದಕ್ಕೂ ಮೊದಲು, 1982ರ ಜನವರಿ 18ರಂದು ಆರಂಭವಾದ ಬಟ್ಟೆಗಿರಣಿಗಳ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ತಂದೆಯ ನಂತರ ಮಗನಿಗೂ ಗಿರಣಿಯಲ್ಲಿ ಕೆಲಸ ಖಂಡಿತವೆಂದು ನಂಬಿದ್ದ ಸಂಸಾರಗಳ ಬದುಕು ತಲೆಕೆಳಗಾಯಿತು. ಅವರ ಕಷ್ಟವನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ಕಲ್ಲಿನಂತೆ ಭದ್ರವೆಂದು ತೋರುವುದೂ ಕರಗಬಲ್ಲುದು ಎಂಬುದಷ್ಟೇ ನಾನು ಹೇಳಬೇಕೆಂದಿರುವುದು.

ನಾವು ಪರಸ್ಥಳಕ್ಕೆ ಬಂದವರು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಒಂದು ಟ್ರಂಕು, ಒಬ್ಬ ಬಂಧುವಿನ ವಿಳಾಸ ಇಷ್ಟನ್ನೇ ನಂಬಿ ಹೊರಟವರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತವರು. ಅನಿಶ್ಚಿತತೆಯೇ ನಮ್ಮ ಪಿತ್ರಾರ್ಜಿತ ಆಸ್ತಿ ಎಂದರೂ ತಪ್ಪಾಗಲಾರದು. ಅದನ್ನು ಮರೆತು, ಮಕ್ಕಳ ಓದು, ಮದುವೆ, ಉದ್ಯೋಗ, ನಮ್ಮ ಮುಪ್ಪು ಎಲ್ಲವನ್ನೂ ಗೆರೆ ಎಳೆದಂತೆ ನಡೆಸಬೇಕೆಂದು ಹಟ ಹಿಡಿದಾಗಲೇ ತೊಂದರೆ ಪ್ರಾರಂಭವಾಗುತ್ತದೆ.

ಸ್ವೀಕಾರವೆಂದರೆ ಕೈಚೆಲ್ಲುವುದಲ್ಲ

"ಹಣೆಬರಹವಿದ್ದಂತಾಗಲಿ" ಎಂದು ಮಾತ್ರೆ ಬಿಟ್ಟವರನ್ನೂ ನಾನು ಬಲ್ಲೆ. ಅದು ಸ್ವೀಕಾರವಲ್ಲ, ಅಲಕ್ಷ್ಯ. ನಮ್ಮ ಕರಾವಳಿಯ ರೈತನನ್ನು ನೋಡಿರಿ. ಮಳೆ ಯಾವ ದಿನ ಹಿಡಿದೀತೆಂದು ಅವನು ಅರಿಯ. ಆದರೂ ಗದ್ದೆಯ ಅಂಚು ಕಟ್ಟಿ, ಬೀಜ ಆರಿಸಿ, ನೇಗಿಲು ಸರಿಮಾಡಿ ಸಿದ್ಧನಾಗಿರುತ್ತಾನೆ. ಸಿದ್ಧತೆ ಅವನದು, ಮಳೆ ಅವನದಲ್ಲ.

ಕೈಯಲ್ಲಿರುವುದನ್ನು ಕೈಬಿಡಬಾರದೆಂಬುದಕ್ಕೆ ಶಾಸ್ತ್ರೀಯವಾದ ಆಧಾರವೂ ಉಂಟು. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ಅಮೆರಿಕದ ವೃದ್ಧಾಶ್ರಮವೊಂದರಲ್ಲಿ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಕೋಣೆಯನ್ನು ಹೇಗೆ ಜೋಡಿಸಬೇಕು, ಚಲನಚಿತ್ರವನ್ನು ಎಂದು ನೋಡಬೇಕು ಎಂಬ ಸಣ್ಣ ನಿರ್ಧಾರಗಳನ್ನು ಕೆಲವರಿಗೆ ಬಿಟ್ಟು, ನೀರೆರೆದು ಸಾಕಲು ಒಂದು ಗಿಡವನ್ನೂ ಕೊಟ್ಟರು. ಎಲ್ಲವನ್ನೂ ದಾದಿಯರೇ ಮಾಡಿಕೊಟ್ಟವರಿಗಿಂತ ಇವರು ಹೆಚ್ಚು ಚಟುವಟಿಕೆಯಿಂದಲೂ ಉಲ್ಲಾಸದಿಂದಲೂ ಇದ್ದುದು ಕಂಡುಬಂದಿತು. ಒಂದು ಗಿಡಕ್ಕೆ ನೀರೆರೆಯುವಷ್ಟು ಅಧಿಕಾರ ಪ್ರತಿಯೊಬ್ಬರಿಗೂ ಬೇಕು. ಆಕಾಶದ ಮೋಡಗಳ ಮೇಲೆ ಅಧಿಕಾರ ಯಾರಿಗೂ ಬೇಡ.

ಆಚರಣೆಗೆ ಕೆಲವು ಸೂಚನೆಗಳು

1. ಕಾಗದದ ನಡುವೆ ಗೆರೆ ಎಳೆದು, ಕಾಡುತ್ತಿರುವ ವಿಷಯಗಳಲ್ಲಿ ನಿಮ್ಮ ಕೈಯಲ್ಲಿರುವುದನ್ನು ಎಡಕ್ಕೂ, ಇಲ್ಲದ್ದನ್ನು ಬಲಕ್ಕೂ ಬರೆಯಿರಿ. ಎಡಗಡೆಯ ಒಂದು ಕೆಲಸವನ್ನು ಅಂದೇ ಮಾಡಿ ಮುಗಿಸಿರಿ.

2. ಚಿಂತೆಗೂ ಒಂದು ಹೊತ್ತು ಗೊತ್ತುಮಾಡಿರಿ. ಸಂಜೆ ಅರ್ಧ ಗಂಟೆ ಅದಕ್ಕೇ ಮೀಸಲು. ಉಳಿದ ಹೊತ್ತಿನಲ್ಲಿ ಬಂದ ಚಿಂತೆಯನ್ನು ಆ ಸಮಯಕ್ಕೆ ಮುಂದೂಡಿರಿ. ಈ ಉಪಾಯವನ್ನು 1983ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ ಉಪಯುಕ್ತವೆಂದು ಕಂಡಿದ್ದಾರೆ.

3. ಸಣ್ಣ ಸಣ್ಣ ಅನಿಶ್ಚಿತತೆಗಳನ್ನು ಬೇಕೆಂದೇ ಅಭ್ಯಾಸ ಮಾಡಿರಿ. ಮಗ ತಲಪಿದನೇ ಎಂದು ಒಮ್ಮೆ ಕೇಳಿದರೆ ಸಾಕು, ಮೂರನೆಯ ಬಾರಿ ಕೇಳಬೇಡಿರಿ. ಅಪರಿಚಿತ ದಾರಿಯಲ್ಲಿ ನಡೆದುನೋಡಿರಿ.

4. ರಕ್ತದೊತ್ತಡವನ್ನು ವೈದ್ಯರು ಹೇಳಿದ ವೇಳೆಯಲ್ಲಿ, ಐದು ನಿಮಿಷ ಶಾಂತವಾಗಿ ಕುಳಿತ ಮೇಲೆ ಅಳೆಯಿರಿ. ಗಾಬರಿಯಿಂದ ಅಳೆದ ಅಂಕೆಯು ಗಾಬರಿಯನ್ನೇ ತೋರಿಸೀತು. ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು.

5. ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ, ಹಸಿವು ಇಂಗಿದ್ದರೆ, ಬದುಕೇ ಬೇಡವೆನಿಸಿದರೆ ಸಂಕೋಚವಿಲ್ಲದೆ ವೈದ್ಯರ ಬಳಿಗೆ ಹೋಗಿರಿ. ಇದು ದೌರ್ಬಲ್ಯವಲ್ಲ, ಚಿಕಿತ್ಸೆಯುಳ್ಳ ಕಾಯಿಲೆ. ಎದೆನೋವು ಬಂದಾಗ ಮಾತ್ರ "ಮನಸ್ಸಿನ ಚಿಂತೆ" ಎಂದು ತಾವೇ ತೀರ್ಮಾನಿಸಿ ಕಾಯುತ್ತ ಕೂಡಬಾರದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕಡೆಯ ಮಾತು

ಆ ಹಿರಿಯರು ಏನಾದರೆಂದು ಓದುಗರು ಕೇಳಬಹುದು. ಪವಾಡವೇನೂ ನಡೆಯಲಿಲ್ಲ. ಊರಿನ ಮನೆಯನ್ನು ಅಲ್ಲಿಯ ಶಾಲೆಯ ಉಪಾಧ್ಯಾಯರೊಬ್ಬರ ಸಂಸಾರಕ್ಕೆ ಬಾಡಿಗೆಗೆ ಕೊಟ್ಟರು. ದಿನಕ್ಕೆ ಎರಡೇ ಬಾರಿ ರಕ್ತದೊತ್ತಡ ಅಳೆಯತೊಡಗಿದರು. ಡಯಾಲಿಸಿಸ್ ದಿನಗಳಲ್ಲಿ ಪತ್ನಿಯ ಪಕ್ಕದಲ್ಲಿ ಕುಳಿತು ಕನ್ನಡ ಕಾದಂಬರಿಗಳನ್ನು ಗಟ್ಟಿಯಾಗಿ ಓದಿ ಹೇಳುವುದನ್ನು ರೂಢಿಸಿಕೊಂಡರು. ಪಕ್ಕದ ಮಂಚದ ಮರಾಠಿ ರೋಗಿಯೊಬ್ಬರು ಕಥೆ ಎಲ್ಲಿಗೆ ಬಂತೆಂದು ಕೇಳುವರಂತೆ. ಮಾತ್ರೆ ಇನ್ನೂ ಬೇಕು. ಆದರೆ ನಿದ್ದೆ ಬರುತ್ತಿದೆ.

ಮೂರು ವರ್ಷಗಳ ಅನಂತರ ಆ ತಾಯಿ ತೀರಿಕೊಂಡರು. ಹದಿನೈದು ದಿನ ಕಳೆದು ಬಂದ ಅವರು ನನ್ನೆದುರು ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದು, ಕೊನೆಗೆ ಅಂದರು: "ಊರಿಗೆ ಹೋಗುವುದೋ ಇಲ್ಲೇ ಇರುವುದೋ ಇನ್ನೂ ಗೊತ್ತಿಲ್ಲ, ಡಾಕ್ಟ್ರೇ. ಆದರೆ ಆ ಮೂರು ವರ್ಷ ನಾನು ಅವಳ ಹತ್ತಿರವೇ ಇದ್ದೆ."

ಅವರ ಬಗಲಿನಲ್ಲಿ ಅಂದು ಅಂಕೆಗಳ ಪುಸ್ತಕವಿರಲಿಲ್ಲ.