ಗುದ್ದಿನ ಬಾಯಲ್ಲಿ ಕೂತ ಗಂಡು ನರಿ

ತಾಳಿಕೋಟೆ ಕಡೆಯ ಓದುಗರೊಬ್ಬರ ಪ್ರಶ್ನೆ ಹೀಗಿದೆ: ಮಡ್ಡಿಯ ಮೇಲಿನ ಗುದ್ದಿನ ಮುಂದೆ ಗಂಡು ನರಿ ಸಂಜೆಯೆಲ್ಲ ಸುಮ್ಮನೆ ಬಿದ್ದುಕೊಂಡಿರುತ್ತದೆ, ಮೊಲೆ ಜೋತ ಹೆಣ್ಣು ಹೊಟ್ಟೆಪಾಡಿಗೆ ಅಲೆಯುತ್ತದೆ, ನರಿಗಳಲ್ಲೂ ಗಂಡು ಸೋಮಾರಿಯೇ? ಅವರು ಕಂಡಿರುವುದು ಊಳಿಡುವ ದೊಡ್ಡ ನರಿಯಲ್ಲ. ಬಾಲದ ತುದಿ ಕಪ್ಪಗಿರುವ, ಎರಡರಿಂದ ನಾಲ್ಕು ಕೆ.ಜಿ. ತೂಗುವ ಭಾರತೀಯ ನರಿ, ವಲ್ಪಿಸ್ ಬೆಂಗಾಲೆನ್ಸಿಸ್. ನೋಟವೇನೋ ಸರಿಯಾಗಿದೆ. ಬಂಡೀಪುರದ ಕೆನ್ನಾಯಿಗಳ ಅಧ್ಯಯನದಿಂದ ಹೆಸರಾದ ಎ.ಜೆ.ಟಿ. ಜಾನ್‌ಸಿಂಗ್ 1978ರಲ್ಲಿ ಈ ನರಿಯ ನಡವಳಿಕೆ ಕುರಿತು ಲೇಖನ ಬರೆದರು. ಅಲ್ಲಿಂದೀಚೆಗೆ ಸಿಕ್ಕ ವಿವರಗಳೂ ಇದನ್ನೇ ಹೇಳುತ್ತವೆ: ತಾಯಿ ತಂದೆ ಇಬ್ಬರೂ ಮರಿ ಸಾಕುತ್ತಾರೆ, ಮರಿಗಳು ಎಳೆಯವಿದ್ದಾಗ ಕಾವಲಿಗೆ ನಿಲ್ಲುವುದು ಹೆಚ್ಚಾಗಿ ಗಂಡು. ನೋಟ ಸರಿ, ತೀರ್ಪು ಮಾತ್ರ ತಪ್ಪು. ಆ ಗಂಡು ಅಲ್ಲಿ ಕೂತಿರುವುದರಿಂದಲೇ ಮರಿಗಳ ಹೊಟ್ಟೆ ತುಂಬುತ್ತಿದೆ ಎಂಬುದು ನನ್ನ ವಾದ.

ಇದು ಅರ್ಥವಾಗಬೇಕಾದರೆ ನರಿ ಏನು ತಿನ್ನುತ್ತದೆ ಎಂಬುದರಿಂದ ಶುರು ಮಾಡಬೇಕು. ಹಿಕ್ಕೆ ಒಣಗಿಸಿ ಬಿಡಿಸಿ ನೋಡಿದರೆ ಇಲಿಯ ಕೂದಲು ಸಿಗುತ್ತದೆ, ಹಲ್ಲಿ-ಓತಿಗಳ ಪೊರೆ, ಬಾರಿಹಣ್ಣಿನ ಬೀಜ ಸಿಗುತ್ತವೆ. ಜೊತೆಗೆ ಮಿಡತೆ, ಜೀರುಂಡೆ, ಗೆದ್ದಲುಗಳ ಚೂರು ರಾಶಿ ರಾಶಿ. ಆದರೆ ಹಿಕ್ಕೆ ಹೇಳುವುದು ದೊಡ್ಡ ನರಿ ಏನು ನುಂಗಿತು ಎಂಬುದನ್ನು ಮಾತ್ರ. ಅದು ಮರಿಯ ಬಾಯಿಗೆ ಹೇಗೆ ತಲುಪಿತು ಎಂಬುದನ್ನಲ್ಲ. ಇಲಿ ಎಂದರೆ ಬಟ್ಟೆಯಲ್ಲಿ ಕಟ್ಟಿ ಹೊಲಕ್ಕೆ ಒಯ್ಯಬಹುದಾದ ಬುತ್ತಿ; ಗೆದ್ದಲು ಎಂದರೆ ಚೀಲವೇ ಇಲ್ಲದೆ ಒಯ್ಯಬೇಕಾದ ಸಜ್ಜೆಕಾಳು. ಬುತ್ತಿಯನ್ನು ಯಾರೂ ಹೊತ್ತು ತರಬಹುದು, ಗಂಡಾದರೂ ಸರಿ, ಹೆಣ್ಣಾದರೂ ಸರಿ. ಬಿಡಿ ಕಾಳನ್ನು ಮಾತ್ರ ಅಲ್ಲೇ ತಿಂದು ಮುಗಿಸಬೇಕು. ಅದು ಮನೆಗೆ ಬರಬೇಕಾದರೆ ಒಂದೇ ದಾರಿ, ತಾಯಿಯ ಮೈಯೊಳಗೆ ಹಾಲಾಗಿ ಬರಬೇಕು. ತೋಳ, ಕೆನ್ನಾಯಿಗಳು ಹೊಟ್ಟೆಯಲ್ಲಿ ಮಾಂಸ ತುಂಬಿಕೊಂಡು ಬಂದು ಮರಿಗಳ ಮುಂದೆ ಕಕ್ಕುತ್ತವೆ. ನರಿಗಳು ಸಾಮಾನ್ಯವಾಗಿ ಬೇಟೆಯನ್ನು ಬಾಯಲ್ಲೇ ಕಚ್ಚಿ ತರುತ್ತವೆ. ಹೀಗಿರುವಾಗ ಮೊದಲ ವಾರಗಳಲ್ಲಿ ಗಂಡು ನೂರು ಮಿಡತೆ ಹಿಡಿದರೂ ಮರಿಗೆ ಒಂದೂ ದಕ್ಕದು. ಅದು ಕೊಡಬಹುದಾದದ್ದು ಸಮಯ: ತಾನು ಗುದ್ದು ಕಾದರೆ ಹೆಣ್ಣು ಇನ್ನಷ್ಟು ಹೊತ್ತು ಮೇಯಬಹುದು, ಇನ್ನಷ್ಟು ಹಾಲಿಳಿಯಬಹುದು.

ಇದು ಬರೀ ಲೆಕ್ಕಾಚಾರವಲ್ಲವೇ ಎಂದು ಕೇಳಬಹುದು. ಪುರಾವೆ ಆಫ್ರಿಕದಲ್ಲಿದೆ. ಅಲ್ಲಿನ ಬಾವಲಿಕಿವಿಯ ನರಿ ಬಹುಪಾಲು ಗೆದ್ದಲು ತಿಂದೇ ಬದುಕುವ ಪ್ರಾಣಿ. ಅದರಲ್ಲೂ ಗಂಡು ಗುದ್ದಿನ ಬಳಿ ಕೂರುತ್ತದೆ, ಹೆಣ್ಣು ಮೇಯಲು ಹೋಗುತ್ತದೆ. ಟಾಂಜಾನಿಯಾದ ಸೆರೆಂಗೆಟಿಯಲ್ಲಿ ನಡೆದು 2006ರಲ್ಲಿ ‘ಅನಿಮಲ್ ಬಿಹೇವಿಯರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಎಷ್ಟು ಮರಿ ಬದುಕುತ್ತವೆ ಎಂಬುದನ್ನು ಎಲ್ಲಕ್ಕಿಂತ ಚೆನ್ನಾಗಿ ಸೂಚಿಸುವುದು ತಂದೆ ಗುದ್ದಿನ ಬಳಿ ಕಳೆದ ಸಮಯ ಎಂದು ತೋರಿಸಿತು. ನಮ್ಮ ನರಿ ಇಲಿಯನ್ನೂ ಚೆನ್ನಾಗಿಯೇ ತಿನ್ನುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದು ವಾದವನ್ನು ಮುರಿಯುವುದಿಲ್ಲ, ತಿದ್ದುತ್ತದೆ: ಮರಿಗಳು ಹಾಲು ಬಿಟ್ಟು ಮಾಂಸಕ್ಕೆ ಬಾಯಿ ಹಾಕತೊಡಗಿದಾಗ ಗಂಡೂ ಬುತ್ತಿ ಹೊರುತ್ತದೆ. ಮರಿಗಳು ಹೆಚ್ಚಾಗಿ ಹುಟ್ಟುವುದು ಫೆಬ್ರವರಿಯಿಂದ ಏಪ್ರಿಲ್ ನಡುವೆ. ನಮ್ಮ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ ಕೊಯ್ದು ನೆಲ ಬಯಲಾಗಿ ಇಲಿಗಳಿಗೆ ಮರೆ ತಪ್ಪುವ ಹೊತ್ತೂ ಅದೇ.

ಇದನ್ನೆಲ್ಲ ‘ಆದರ್ಶ ತಂದೆ’ ಎಂದು ಹಾಡಿ ಹೊಗಳುವ ವಿಡಿಯೋಗಳ ಬಗ್ಗೆ ನನಗೆ ಅನುಮಾನ. ಕ್ಯಾಲಿಫೋರ್ನಿಯಾದ ದ್ವೀಪನರಿಗಳೂ ಜೋಡಿಯಾಗಿಯೇ ಸಂಸಾರ ಮಾಡುತ್ತವೆ, ಡಿ.ಎನ್.ಎ. ನೋಡಿದಾಗ 16 ಮರಿಗಳಲ್ಲಿ 4 ಬೇರೆ ಗಂಡಿನವು! ಕಾವಲು ಕಾಯುವುದಕ್ಕೆ ಪ್ರೇಮದ ಕಥೆ ಬೇಕಿಲ್ಲ, ಲಾಭವಿದ್ದರೆ ಸಾಕು.

ಸಮಯವೇ ಬಂಡವಾಳ ಎಂದಾದರೆ ಅದನ್ನು ಕದಿಯುವವರು ಯಾರು ಎಂಬುದು ಮುಂದಿನ ಮಾತು. ನಮ್ಮ ಪಕ್ಕದ ಸೊಲ್ಲಾಪುರ ಜಿಲ್ಲೆಯ ಹುಲ್ಲುಗಾವಲುಗಳಲ್ಲಿ ಅಬಿ ತಮೀಮ್ ವನಕ್ ಮತ್ತು ಸಂಗಡಿಗರು ಆಹಾರದ ತಟ್ಟೆಗಳನ್ನಿಟ್ಟು, ಹತ್ತಿರದಲ್ಲಿ ನಾಯಿಯನ್ನೂ ಇರಿಸಿ ನೋಡಿದರು. ನಾಯಿ ಕಣ್ಣೆದುರಿಗಿದ್ದಾಗ ನರಿಗಳು ತಿಂದದ್ದು ಕಡಿಮೆ, ತಲೆಯೆತ್ತಿ ನೋಡಿದ್ದು ಹೆಚ್ಚು. 2009ರಲ್ಲಿ ಪ್ರಕಟವಾದ ಈ ಪ್ರಯೋಗ ಮರಿಗಳ ಕುರಿತದ್ದಲ್ಲ. ಆದರೆ ಹಾಲೂಡಿಸುವ ಹೆಣ್ಣಿಗೆ ಅದೇ ನಷ್ಟವಾದರೆ ಗುದ್ದಿನೊಳಗೆ ಏನಾದೀತು ಎಂದು ಊಹಿಸಲು ಪಾಂಡಿತ್ಯ ಬೇಕಿಲ್ಲ. ನಾಯಿ ಒಂದೂ ನರಿಯನ್ನು ಕಚ್ಚದೆ ಮರಿಗಳನ್ನು ಬಡಕಲಾಗಿಸಬಲ್ಲದು. ಹೊಲದಲ್ಲಿ ಇಲಿ ಧಾರಾಳವಿದೆ, ನರಿ ಅಲ್ಲೇ ಬದುಕಲಿ ಎನ್ನುವವರಿಗೂ ಅದೇ ಜಿಲ್ಲೆಯಿಂದ ಉತ್ತರವಿದೆ: ನರಿಗಳು ಗುದ್ದಿಗೆ ಆರಿಸಿಕೊಳ್ಳುವುದು ಮುಖ್ಯವಾಗಿ ಸಹಜ ಹುಲ್ಲುಗಾವಲನ್ನು ಎಂದು 2013ರ ಅಧ್ಯಯನ ಕಂಡುಕೊಂಡಿತು. ಗಿಡ್ಡ ಹುಲ್ಲಿನ ಬಯಲಲ್ಲಿ ಕಾವಲುಗಾರನಿಗೆ ದೂರದವರೆಗೆ ಕಾಣುತ್ತದೆ ಎಂಬುದೂ ಇದಕ್ಕೊಂದು ಕಾರಣವಿರಬಹುದು. ಅಂಥ ಗಾಯರಾಣ, ಮಡ್ಡಿಗಳನ್ನೇ ‘ಪಾಳು’ ಎಂದು ಬರೆದು ಅಕೇಶಿಯ ನೆಡುವುದು ನಮ್ಮಲ್ಲಿ ಹಸಿರೀಕರಣ ಅನ್ನಿಸಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರಿಗೆ ಒಂದು ಮಾತು: ಗುದ್ದು ನೋಡಲು ಹೋಗುವುದಾದರೆ ನಾಯಿಯನ್ನು ಮನೆಯಲ್ಲೇ ಬಿಡಿ, ಗಂಡು ಎದ್ದು ನಿಲ್ಲದಷ್ಟು ದೂರದಿಂದಲೇ ನೋಡಿ. ಕಾಟ ಹೆಚ್ಚಾದರೆ ನರಿಗಳು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆ ಗುದ್ದಿಗೆ ಸಾಗಿಸುವುದುಂಟು. ಆ ಸಂಜೆ ಹೆಣ್ಣಿಗೆ ಮೇಯಲು ಪುರುಸೊತ್ತಿರುವುದಿಲ್ಲ.