ಹೇಳಲಾರದ ಗುಳ್ಳೆ, ಹೇಳಲೇಬೇಕಾದ ಮಾತು

ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತೆಂಕಣ ತುದಿಯ ತಾಲೂಕಾಗಿ ಮದರಾಸು ಪ್ರಾಂತದ ಆಡಳಿತಕ್ಕೆ ಒಳಪಟ್ಟಿದ್ದ ಕಾಲದಲ್ಲಿ, ಆ ಪ್ರಾಂತದ ರಾಜಧಾನಿಯಲ್ಲಿ ವೈದ್ಯರಾಗಿದ್ದ ಚಾರ್ಲ್ಸ್ ಡೊನೊವನ್ ಎಂಬವರು, ಗುಪ್ತಾಂಗದಲ್ಲಿ ನೋವಿಲ್ಲದ ಸಣ್ಣ ಗಂಟಾಗಿ ತಲೆದೋರಿ ಕ್ರಮೇಣ ಕೆಂಪು ಹುಣ್ಣಾಗಿ ಹಬ್ಬುವ ವ್ಯಾಧಿಯೊಂದರ ಮೂಲವನ್ನು ಅರಸುತ್ತ, 1905ರಲ್ಲಿ ಸೂಕ್ಷ್ಮದರ್ಶಕದ ಅಡಿಯಲ್ಲಿ ಅದರ ರೋಗಾಣುವನ್ನು ಕಂಡರು. ಇಂದು ವಿರಳವಾಗಿರುವ ಆ ವ್ಯಾಧಿ ವೈದ್ಯಗ್ರಂಥಗಳಲ್ಲಿ ಡೊನೊವನೋಸಿಸ್ ಎಂದೇ ಪ್ರಸಿದ್ಧ. ಅದೇ ವರ್ಷ ಬರ್ಲಿನ್ನಿನಲ್ಲಿ ಶೌಡಿನ್ ಮತ್ತು ಹಾಫ್‌ಮನ್ ಎಂಬ ಇಬ್ಬರು ಪರಂಗಿ ಹುಣ್ಣಿನ, ಎಂದರೆ ಸಿಫಿಲಿಸಿನ, ರೋಗಾಣುವನ್ನು ಗುರುತಿಸಿದರು. ಮನುಷ್ಯನು ತನ್ನವರಲ್ಲಿಯೂ ಹೇಳಿಕೊಳ್ಳಲಾರದ ಗುಳ್ಳೆಗಳ ವಿಷಯದಲ್ಲಿ ಊಹೆ ಹಿಂದೆ ಸರಿದು ಜ್ಞಾನ ಮುಂದೆ ಬಂದುದು ಇಂತಹ ನಿರ್ಭೀತ ವೀಕ್ಷಣೆಯಿಂದಲೇ.

ನಮ್ಮ ಪ್ರಾಚೀನರು ಇತ್ತ ಕಣ್ಣು ಮುಚ್ಚಿರಲಿಲ್ಲ. ಅಂಗವೃದ್ಧಿಯ ವ್ಯಾಮೋಹದಿಂದ ತೀಕ್ಷ್ಣವಾದ ಲೇಪಗಳನ್ನು ಬಳಿದುಕೊಂಡವರಲ್ಲಿ ಕಾಣಿಸುವ 18 ವಿಕಾರಗಳನ್ನು ಸುಶ್ರುತಸಂಹಿತೆ ಶೂಕದೋಷಗಳೆಂದು ಎಣಿಸಿದೆ. ಬಿಳಿಸಾಸಿವೆಯಂತಹ ಪಿಟಕಗಳನ್ನುಂಟುಮಾಡುವ ಸರ್ಷಪಿಕೆಯೂ ಅವುಗಳಲ್ಲೊಂದು. 16ನೆಯ ಶತಮಾನದ ವೈದ್ಯಗ್ರಂಥವಾದ ಭಾವಪ್ರಕಾಶವು ಫಿರಂಗರೋಗವನ್ನು, ಎಂದರೆ ಪರಂಗಿ ಹುಣ್ಣನ್ನು, ವರ್ಣಿಸಿದೆ. ಆದರೆ ವಸಾಹತು ಸರಕಾರವು ಈ ರೋಗಗಳನ್ನು ನೋಡಿದ ಬಗೆ ಬೇರೆಯೇ ಆಗಿತ್ತು. ಸೈನಿಕರ ಆರೋಗ್ಯರಕ್ಷಣೆಯ ನೆಪದಲ್ಲಿ 1868ರಲ್ಲಿ ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆಯು ವೇಶ್ಯಾವೃತ್ತಿಯವರೆನಿಸಿದ ಸ್ತ್ರೀಯರನ್ನು ನೋಂದಾಯಿಸಿ, ಬಲಾತ್ಕಾರದಿಂದ ಪರೀಕ್ಷಿಸಿ, ರೋಗವಿದ್ದವರನ್ನು ಆಸ್ಪತ್ರೆಯ ಬಂಧನದಲ್ಲಿರಿಸಿತು. 1888ರಲ್ಲಿ ಕಾಯಿದೆ ರದ್ದಾಯಿತು. ಆದೊಡೆ ರೋಗಿಯನ್ನು ಅಪರಾಧಿಯೆಂದು ಬಗೆಯುವ ದೃಷ್ಟಿ ಇನ್ನೂ ಪೂರ್ಣವಾಗಿ ಅಳಿದಿಲ್ಲ.

ಈ ದೃಷ್ಟಿ ಎಷ್ಟು ಅನ್ಯಾಯದ್ದೆಂಬುದು ಗುಳ್ಳೆಗಳ ನಿಜಸ್ವರೂಪವನ್ನು ಅರಿತಾಗ ಸ್ಪಷ್ಟವಾಗುತ್ತದೆ. ನ್ಯೂಯಾರ್ಕಿನ ಚರ್ಮವೈದ್ಯ ಜಾನ್ ಫೋರ್ಡೈಸ್ 1896ರಲ್ಲಿ ವಿವರಿಸಿದ ನಸುಹಳದಿ ಚುಕ್ಕೆಗಳು, ಕೂದಲಿನ ಸಂಬಂಧವಿಲ್ಲದೆ ಮೇಲಕ್ಕೆ ಕಾಣಿಸಿಕೊಂಡ ತೈಲಗ್ರಂಥಿಗಳಲ್ಲದೆ ಬೇರೇನೂ ಅಲ್ಲ. ತುಟಿಯಲ್ಲಿಯೂ ಅವು ಕಾಣುವುವು. ಶಿಶ್ನದ ತುದಿಯ ಅಂಚಿನ ಸುತ್ತ ಮುತ್ತಿನ ಸರದಂತೆ ಒಂದೆರಡು ಸಾಲಾಗಿ ನಿಲ್ಲುವ ಕಣಗಳೂ, ಸ್ತ್ರೀಯರ ಯೋನಿದ್ವಾರದ ಬಳಿ ಸಮಸಮನಾಗಿ ಕಾಣುವ ಮೃದುವಾದ ಕಣಗಳೂ ದೇಹದ ಸಹಜ ರಚನೆಗಳೇ ಆಗಿದ್ದು, ಸಂಪರ್ಕದಿಂದ ಬಂದವೂ ಅಲ್ಲ, ಇನ್ನೊಬ್ಬರಿಗೆ ಹರಡುವವೂ ಅಲ್ಲ. ಕ್ಷೌರದ ತರುವಾಯ ಕೂದಲು ಒಳಮುಖವಾಗಿ ಬೆಳೆದು ಏಳುವ ಗುಳ್ಳೆಗಳು ಬಹುಮಟ್ಟಿಗೆ ತಾವಾಗಿ ಶಮನಗೊಳ್ಳುತ್ತವೆ. ರಾತ್ರಿ ಹೆಚ್ಚಾಗಿ ಕಾಡುವ ತುರಿಕೆಯೊಡನೆ ವೃಷಣದ ಚರ್ಮದಲ್ಲಿ ಗಂಟುಗಳು ಎದ್ದರೆ ಅದು ಕಜ್ಜಿಯಾಗಿರಬಹುದು. ಆಗ ಮನೆಮಂದಿಗೆಲ್ಲ ಏಕಕಾಲದಲ್ಲಿ ಚಿಕಿತ್ಸೆಯಾಗದ ಹೊರತು ಅದು ಮರಳಿ ಬರುತ್ತಲೇ ಇರುತ್ತದೆ.

ಚಿಕಿತ್ಸೆಯನ್ನು ಅಪೇಕ್ಷಿಸುವ ಗುಳ್ಳೆಗಳೂ ಇವೆ. ನಡುವೆ ಕುಳಿಬಿದ್ದ ಮೃದುವಾದ ಮೊಲಸ್ಕಮ್ ಗುಳ್ಳೆಯನ್ನು 1817ರಷ್ಟು ಹಿಂದೆಯೇ ಇಂಗ್ಲೆಂಡಿನ ಥಾಮಸ್ ಬೇಟ್‌ಮನ್ ವರ್ಣಿಸಿದ್ದನು. ಅದು ವೈರಸ್ಸಿನಿಂದ ಬರುವಂಥದು, ಮಕ್ಕಳಲ್ಲಿ ಬರಿಯ ಸ್ಪರ್ಶದಿಂದಲೂ ಹರಡುವಂಥದು. ಹೂಕೋಸಿನಂತೆ ಒರಟಾಗಿ ಬೆಳೆಯುವ ನರಹುಲಿಗಳಿಗೆ ಹೆಚ್ಚಾಗಿ ಎಚ್‌ಪಿವಿ ಎಂಬ ವೈರಸ್ಸಿನ 6 ಮತ್ತು 11ನೆಯ ಬಗೆಗಳು ಕಾರಣವಾದರೆ, ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಸುಮಾರು ನೂರಕ್ಕೆ 70 ಭಾಗಕ್ಕೆ ಅದರ 16 ಮತ್ತು 18ನೆಯ ಬಗೆಗಳು ಮೂಲ. ಈ ಕ್ಯಾನ್ಸರಿಗೂ ವೈರಸ್ಸಿಗೂ ಇರುವ ಸಂಬಂಧವನ್ನು ಸಾಧಿಸಿ ತೋರಿಸಿದ ಜರ್ಮನಿಯ ಹರಾಲ್ಡ್ ಸುರ್ ಹೌಸನ್ 2008ರಲ್ಲಿ ನೊಬೆಲ್ ಪುರಸ್ಕಾರಕ್ಕೆ ಭಾಜನರಾದರು. ಈ ನಾಲ್ಕೂ ಬಗೆಗಳನ್ನು ತಡೆಯುವ ಲಸಿಕೆ 2006ರಿಂದ ಲೋಕಕ್ಕೆ ಲಭ್ಯವಾಗಿದ್ದು, ಪುಣೆಯಲ್ಲಿ ತಯಾರಾಗುವ ಸರ್ವಾವ್ಯಾಕ್ 2023ರಲ್ಲಿ ನಮ್ಮಲ್ಲಿ ಬಳಕೆಗೆ ಬಂದಿತು. ಗುಂಪಾಗಿ ಎದ್ದು ಉರಿಯುವ ನೀರ್ಗುಳ್ಳೆಗಳು ಹರ್ಪಿಸ್‌ನ ಲಕ್ಷಣ. ಎಲ್ಲಕ್ಕಿಂತ ವಂಚಕವಾದುದು ಸಿಫಿಲಿಸಿನ ಮೊದಲ ಹುಣ್ಣು: ಸೋಂಕು ತಗುಲಿದ ಸುಮಾರು ಮೂರು ವಾರಗಳಿಗೆ ನೋವಿಲ್ಲದೆ ಕಾಣಿಸಿಕೊಂಡು, ಔಷಧವಿಲ್ಲದೆಯೇ ಮಾಯ್ದು, ರೋಗವನ್ನು ಒಳಗೆ ಉಳಿಸುವ ಈ ಹುಣ್ಣು ವಾಸಿಯಾಯಿತೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. 1943ರಿಂದ ಪೆನಿಸಿಲಿನ್ ಅದಕ್ಕೆ ಖಚಿತವಾದ ಮದ್ದಾಗಿದ್ದರೂ ರೋಗಿ ಬಾಯಿಬಿಡದಿದ್ದರೆ ಆ ಮದ್ದು ನಿಷ್ಫಲ.

ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಹಬ್ಬಿದ ಈ ಕರಾವಳಿಯಲ್ಲಿ ಬೆವರೂ ಮಳೆಗಾಲದ ಒದ್ದೆಬಟ್ಟೆಯೂ ತೊಡೆಸಂದಿನ ಹುಳಕಡ್ಡಿಗೆ ಅನುಕೂಲಕರ. ಅದಕ್ಕೆಂದು ಔಷಧದಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ಒಂದೆರಡು ದಿನ ಅಡಗಿಸಿ, ಸೋಂಕನ್ನು ಹಬ್ಬಿಸಿ, ನಿಜವಾದ ಲಕ್ಷಣಗಳನ್ನೇ ಮರೆಮಾಡುತ್ತದೆ. ಸುಣ್ಣ, ಆಮ್ಲ, ಕಾಲಿನ ಆಣಿಗೆ ಹಚ್ಚುವ ದ್ರಾವಣ ಇವನ್ನು ಆ ಕೋಮಲ ಚರ್ಮಕ್ಕೆ ತಾಗಿಸುವುದು ಸುಶ್ರುತನು ಅಂದೇ ಎಚ್ಚರಿಸಿದ ತಪ್ಪನ್ನು ಮತ್ತೆ ಮಾಡಿದಂತೆ. ಕಾಸರಗೋಡಿನಲ್ಲಿಯೇ 1999ರಲ್ಲಿ ಡಾ. ಎಸ್. ಆರ್. ನರಹರಿಯವರು ಸ್ಥಾಪಿಸಿದ ಅನ್ವಯಿಕ ಚರ್ಮರೋಗ ಸಂಸ್ಥೆಯು, ಆನೆಕಾಲು ರೋಗಿಗಳ ಚಿಕಿತ್ಸೆಯಲ್ಲಿ ಆಯುರ್ವೇದವನ್ನೂ ಆಧುನಿಕ ವೈದ್ಯವನ್ನೂ ಸಮನ್ವಯಗೊಳಿಸಿ, ಜನ ಮುಚ್ಚಿಡುತ್ತಿದ್ದ ವ್ಯಾಧಿಯನ್ನು ಶಾಸ್ತ್ರೀಯ ಅಧ್ಯಯನಕ್ಕೆ ತಂದಿತು. ಗುಪ್ತಾಂಗದ ವ್ಯಾಧಿಗಳಿಗೂ ಅದೇ ಗೌರವ ಸಲ್ಲಬೇಕು.

ಹಾಗಾದರೆ ವೈದ್ಯರಲ್ಲಿಗೆ ಯಾವಾಗ ಹೋಗಬೇಕು? ಗುಳ್ಳೆ ಒಡೆದು ಹುಣ್ಣಾದರೆ, ರಕ್ತ ಬಂದರೆ, ನೋವಿದ್ದರೆ, ದಿನೇ ದಿನೇ ದೊಡ್ಡದಾಗುತ್ತಿದ್ದರೆ ಅಥವಾ ಸಂಖ್ಯೆಯಲ್ಲಿ ಹೆಚ್ಚುತ್ತಿದ್ದರೆ, ತೊಡೆಸಂದಿನಲ್ಲಿ ಗೆಡ್ಡೆ ಕಟ್ಟಿದರೆ, ಸ್ರಾವ ಅಥವಾ ಜ್ವರ ಜೊತೆಗೂಡಿದರೆ, ಹೊಸ ಲೈಂಗಿಕ ಸಂಪರ್ಕದ ಬಳಿಕ ಕಾಣಿಸಿಕೊಂಡಿದ್ದರೆ ವಿಳಂಬ ಕೂಡದು. ನೋವಿಲ್ಲದ ಹುಣ್ಣನ್ನು ಅಲ್ಪವೆಂದು ಎಣಿಸಲಾಗದು. ತಾಯಿಯ ಸಿಫಿಲಿಸ್ ಶಿಶುವಿಗೂ ತಗುಲುವುದರಿಂದ ಗರ್ಭಿಣಿಯರು ಒಂದು ದಿನವೂ ಕಾಯಬಾರದು. ಇವಾವುವೂ ಇಲ್ಲದಿದ್ದರೂ, ಹೊಸದಾಗಿ ಎದ್ದ ಗುಳ್ಳೆ ಕೆಲವು ವಾರಗಳಲ್ಲಿ ಅಡಗದಿದ್ದರೆ, ಅಥವಾ ಅದರ ಚಿಂತೆ ನಿದ್ರೆಗೆಡಿಸುತ್ತಿದ್ದರೆ, ತೋರಿಸುವುದೇ ವಿವೇಕ. ಅನೇಕ ವೇಳೆ ಅನುಭವಿ ಚರ್ಮವೈದ್ಯರಿಗೆ ಒಂದು ನೋಟವೇ ಸಾಕು. ಕೆಲವರಿಗೆ ರಕ್ತಪರೀಕ್ಷೆ ಬೇಕಾದೀತು. ಸಂಪರ್ಕದಿಂದ ಹರಡುವ ರೋಗವೆಂದು ತಿಳಿದಾಗ ಸಂಗಾತಿಗೂ ಪರೀಕ್ಷೆ ಅವಶ್ಯಕ.

ಈಗ ಕೇರಳಕ್ಕೆ ಸೇರಿರುವ ಕಾಸರಗೋಡಿನ ಕನ್ನಡಿಗರಿಗೆ ಲಜ್ಜೆಯ ಜೊತೆಗೆ ಭಾಷೆಯ ತೊಡಕೂ ಇದೆ. ಅತ್ಯಂತ ಗೋಪ್ಯವಾದ ಸಂಕಟವನ್ನು ಪರಭಾಷೆಯಲ್ಲಿ, ಅದೂ ಅಪರಿಚಿತರ ಮುಂದೆ, ಹೇಳುವುದು ಯಾರಿಗೂ ಸುಲಭವಲ್ಲ. ಆದುದರಿಂದ ಈ ಜಿಲ್ಲೆಯ ಪ್ರತಿಯೊಂದು ಸರಕಾರಿ ಆಸ್ಪತ್ರೆಯಲ್ಲಿಯೂ ಕನ್ನಡ ಮತ್ತು ತುಳುವಿನಲ್ಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಹಂಗಿಸದೆ ಆಲಿಸುವ ಒಬ್ಬರಾದರೂ ಇರಬೇಕೆಂದು ಕೇಳುವುದು ನಮ್ಮ ಹಕ್ಕು, ಮತ್ತು ಅಂಥವರು ದೊರೆತ ದಿನ ಸಂಕೋಚವನ್ನು ಬದಿಗಿಟ್ಟು ಮಾತನಾಡುವುದು ನಮ್ಮ ಕರ್ತವ್ಯ.