ರಾತ್ರಿ ಪಾಳಿ ಮೈಗೆ ಒಗ್ಗುತ್ತದೆಯೇ?

‘ನಾಕ್ ದಿನ ಹ್ವಾದ್ರ ರಾತ್ರಿ ಪಾಳಿ ಮೈಗೆ ಒಗ್ಗತೈತಿ ಅಂತಾರಲ್ರಿ, ಖರೇನ?’ ಇದು ಗಜೇಂದ್ರಗಡದ ಓದುಗರೊಬ್ಬರ ಪ್ರಶ್ನೆ. ಅವರ ತಮ್ಮ ಗಾಳಿಯಂತ್ರಗಳ ಬುನಾದಿಗೆ ಕಾಂಕ್ರೀಟು ಹಾಕುವ ತಂಡದಲ್ಲಿದ್ದಾನೆ. ಸಂಜೆ ಏಳಕ್ಕೆ ಹೋದರೆ ಬೆಳಿಗ್ಗೆ ಏಳಕ್ಕೆ ವಾಪಸು. ಮೊದಮೊದಲು ತೂಕಡಿಸುತ್ತಿದ್ದವನು ಈಗ ‘ಏನೂ ಅನಸೂದಿಲ್ಲ’ ಎನ್ನುತ್ತಿದ್ದಾನಂತೆ.

ಅವನು ಸುಳ್ಳು ಹೇಳುತ್ತಿಲ್ಲ, ಅವನಿಗೆ ನಿಜಕ್ಕೂ ಏನೂ ಅನ್ನಿಸುತ್ತಿರಲಿಕ್ಕಿಲ್ಲ. ತೊಂದರೆ ಇರುವುದೇ ಅಲ್ಲಿ.

ರೋಣ, ನರಗುಂದ, ಗಜೇಂದ್ರಗಡದ ಕಡೆ ಬೇಸಿಗೆಯಲ್ಲಿ ದೊಡ್ಡ ಕಾಂಕ್ರೀಟು ಕೆಲಸವನ್ನು ರಾತ್ರಿಗೆ ಇಟ್ಟುಕೊಳ್ಳುವುದಕ್ಕೆ ಕಾರಣ ಇಲ್ಲದಿಲ್ಲ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಕಲಸಿದ ಕಾಂಕ್ರೀಟು ಹರವಿ ಮುಗಿಸುವ ಮೊದಲೇ ಬಿಗಿಯತೊಡಗುತ್ತದೆ, ಮೇಲ್ಮೈ ಬಿರಿಯುತ್ತದೆ. 40 ಡಿಗ್ರಿ ದಾಟಿದರೆ ವಿಶೇಷ ಎಚ್ಚರ ಬೇಕೆಂದು ಭಾರತೀಯ ಮಾನಕ ಐಎಸ್ 7861 ಕೂಡ ಹೇಳುತ್ತದೆ. ಹೀಗಾಗಿ ಕಾಂಕ್ರೀಟಿಗೆ ರಾತ್ರಿ ಒಳ್ಳೆಯದು. ಅದನ್ನು ಹಾಕುವ ಗೌಂಡಿಯ ಕಥೆ ಬೇರೆ.

ಒಗ್ಗುವ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ನನಗೆ ಬಲು ಇಷ್ಟವಾದವರು ನಥಾನಿಯಲ್ ಕ್ಲೈಟ್‌ಮನ್. ಷಿಕಾಗೊ ವಿಶ್ವವಿದ್ಯಾಲಯದ ಈ ನಿದ್ರಾವಿಜ್ಞಾನಿ 1938ರಲ್ಲಿ ತಮ್ಮ ವಿದ್ಯಾರ್ಥಿ ಬ್ರೂಸ್ ರಿಚರ್ಡ್‌ಸನ್ ಜೊತೆ ಕೆಂಟಕಿಯ ಮ್ಯಾಮತ್ ಗುಹೆಗೆ ಇಳಿದರು. ಒಳಗೆ ಹಗಲಿಲ್ಲ, ಇರುಳಿಲ್ಲ, ಚಳಿಯೂ ಸೆಖೆಯೂ ಏರುಪೇರಾಗುವುದಿಲ್ಲ. ಅಲ್ಲಿ 32 ದಿನ ಕೂತು, ದಿನಕ್ಕೆ 24 ಗಂಟೆಯ ಬದಲು 28 ಗಂಟೆ ಎಂದು ಲೆಕ್ಕ ಹಿಡಿದು ಉಂಡರು, ಮಲಗಿದರು, ಕೆಲಸ ಮಾಡಿದರು. ಮೈಯ ಕಾವನ್ನು ಮತ್ತೆ ಮತ್ತೆ ಅಳೆದು ಬರೆದಿಟ್ಟರು. ಇಪ್ಪತ್ತರ ಹರೆಯದ ರಿಚರ್ಡ್‌ಸನ್‌ನ ಮೈ ಸುಮಾರು ಒಂದು ವಾರದಲ್ಲಿ ಹೊಸ ಲೆಕ್ಕಕ್ಕೆ ಬಗ್ಗಿತು. ನಲವತ್ತು ದಾಟಿದ ಕ್ಲೈಟ್‌ಮನ್‌ರ ಮೈ ಜಪ್ಪಯ್ಯ ಅಂದರೂ 24 ಗಂಟೆಯ ಲಯ ಬಿಡಲಿಲ್ಲ. ಅಂದರೆ ಒಬ್ಬನಿಗೆ ಒಗ್ಗಿದ್ದು ಇನ್ನೊಬ್ಬನಿಗೆ ಒಗ್ಗಲಿಕ್ಕಿಲ್ಲ.

ಮೈಯೊಳಗಿನ ಈ ಗಡಿಯಾರದ ಶೋಧದಲ್ಲಿ ನಮ್ಮವರೂ ಇದ್ದಾರೆ. ಎಂ. ಕೆ. ಚಂದ್ರಶೇಖರನ್ ಮದುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಗುಹೆಯ ಬಾವಲಿಗಳನ್ನೂ, ಹೊರಜಗತ್ತಿನ ಸುಳಿವಿಲ್ಲದ ಕೋಣೆಯಲ್ಲಿ ಒಂಟಿಯಾಗಿ ಉಳಿದ ಮನುಷ್ಯರನ್ನೂ ಅಭ್ಯಾಸ ಮಾಡಿದರು. ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ಗಡಿಯಾರವನ್ನು ನಡೆಸುವ ಜೀನುಗಳ ಕೆಲಸಕ್ಕಾಗಿ ಹಾಲ್, ರಾಸ್‌ಬಾಷ್, ಯಂಗ್ ಮೂವರಿಗೆ 2017ರ ನೊಬೆಲ್ ಬಂತು.

ಗುಹೆಯೊಳಗಿದ್ದವರಿಗೆ ಸೂರ್ಯನ ಕಾಟ ಇರಲಿಲ್ಲ, ರಾತ್ರಿ ಪಾಳಿಯವರಿಗೆ ಇದೆ. ಕಣ್ಣಿನ ಪರದೆಯಲ್ಲಿ ನೋಟಕ್ಕೆ ಬೇಕಾದ ಕೋಶಗಳಲ್ಲದೆ ಬೆಳಗು–ಬೈಗನ್ನು ಮಿದುಳಿಗೆ ವರದಿ ಮಾಡುವ ಬೇರೆಯೇ ಕೋಶಗಳಿವೆ ಎಂದು ಡೇವಿಡ್ ಬರ್ಸನ್ ತಂಡ 2002ರಲ್ಲಿ ತೋರಿಸಿತು. ಅವು ನೀಲಿ ಬೆಳಕಿಗೆ ಹೆಚ್ಚು ಮಿಡಿಯುತ್ತವೆ. (ಇದೇ ನೆಪದಲ್ಲಿ ‘ನೀಲಿ ಬೆಳಕು ತಡೆಯುವ’ ಕನ್ನಡಕ ಮಾರುವವರು ಹೆಚ್ಚಿದ್ದಾರೆ. ಮೊಬೈಲಿನ ಬೆಳಕು ಬೆಳಗಿನ ಬಿಸಿಲಿನ ಮುಂದೆ ಏನೇನೂ ಅಲ್ಲ ಎಂಬುದನ್ನು ಅವರು ಹೇಳುವುದಿಲ್ಲ.) ಪಾಳಿ ಮುಗಿಸಿ ಏಳು ಗಂಟೆಗೆ ಟಂಟಂ ಹಿಡಿದು ಮನೆಯ ಕಡೆ ಹೊರಟವನ ಮುಖಕ್ಕೆ ಎಳೆಬಿಸಿಲು ಹೊಡೆಯುತ್ತದೆ. ಅವನ ಮಿದುಳಿಗೆ ಅದೇ ಬೆಳಗಿನ ಗಂಟೆ. ರಾತ್ರಿಯಿಡೀ ಅಷ್ಟಿಷ್ಟು ಸರಿದಿದ್ದ ಗಡಿಯಾರ ಮತ್ತೆ ಹಗಲಿಗೇ ವಾಪಸು. ಆದ್ದರಿಂದ ಓದುಗರಿಗೆ ನೇರ ಉತ್ತರ: ಹೆಚ್ಚಿನವರಿಗೆ ಪೂರಾ ಒಗ್ಗುವುದಿಲ್ಲ. ಮನೆಗೆ ಹೋಗುವಾಗ ಅಗ್ಗದ ಕಪ್ಪು ಕನ್ನಡಕ ಹಾಕಿಕೊಂಡರೆ ಸ್ವಲ್ಪ ಅನುಕೂಲ.

ಮನೆ ಇದ್ದವರ ಮಾತಾಯಿತು. ಗೋವಾ, ಮಂಗಳೂರಿಗೆ ಗುಳೆ ಹೋದ ನಮ್ಮ ಕಡೆಯವರೂ, ಇಲ್ಲಿಗೆ ಬಂದ ಹೊರರಾಜ್ಯದ ಹುಡುಗರೂ ಮಲಗುವುದು ತಗಡಿನ ಶೆಡ್ಡಿನಲ್ಲಿ. ಹನ್ನೊಂದಕ್ಕೆಲ್ಲ ತಗಡು ಕಾದು, ಬೆವರಿಗೆ ಎಚ್ಚರವಾಗಿ, ಹೊರಳಾಡಿ ಎದ್ದುಬಿಡುತ್ತಾರೆ. ಗುತ್ತಿಗೆದಾರರು ಹೆಲ್ಮೆಟ್ಟಿನ ಬಿಲ್ಲು ತೋರಿಸಿ ಸುರಕ್ಷತೆಯ ಮಾತಾಡುತ್ತಾರೆ. ನನ್ನ ಕೇಳಿದರೆ ಆ ಶೆಡ್ಡಿನ ಮೇಲೆ ಹೊದಿಸುವ ಹುಲ್ಲು, ಕಿಟಕಿಗೆ ಕಟ್ಟುವ ಗೋಣಿತಟ್ಟು, ಒಂದು ಫ್ಯಾನು ಇವೂ ಹೆಲ್ಮೆಟ್ಟಿನಷ್ಟೇ ಸುರಕ್ಷತಾ ಸಾಮಗ್ರಿ.

ಏಕೆಂದರೆ ನಿದ್ದೆಯ ಸಾಲ ಗೊತ್ತಾಗದಂತೆ ಬೆಳೆಯುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವ್ಯಾನ್ ಡಾಂಗೆನ್ ತಂಡ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ 14 ದಿನ, ದಿನಕ್ಕೆ ಆರೇ ಗಂಟೆ ಮಲಗಲು ಬಿಟ್ಟರು. ಕೊನೆಗೆ ಅವರ ಚುರುಕು ಎರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಇಳಿದಿತ್ತು. ಕೇಳಿದರೆ ‘ಸ್ವಲ್ಪ ನಿದ್ದೆ ಬಂದಂತಿದೆ, ಅಷ್ಟೇ’ ಎಂಬರ್ಥದ ಉತ್ತರ. ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ 1997ರಲ್ಲೇ ಇನ್ನೊಂದು ಲೆಕ್ಕ ಕೊಟ್ಟಿದ್ದರು: ಸತತ 17 ಗಂಟೆ ಎಚ್ಚರ ಇದ್ದವನ ಕೈ–ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05 ಮದ್ಯ ಇದ್ದವನಷ್ಟು ಕೆಡುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ ಶೇ 0.03. ಬೆಳಿಗ್ಗೆ ಎದ್ದು ಹೊಲದ ಕೆಲಸ ಮುಗಿಸಿ, ಸಂಜೆ ನೇರ ಪಾಳಿಗೆ ಬಂದು, ಮಧ್ಯರಾತ್ರಿ ಟಿಪ್ಪರ್ ಹತ್ತಿದವನಿಗೆ ಯಾವ ಪೊಲೀಸರೂ ಊದಿಸಿ ನೋಡುವುದಿಲ್ಲ. ಹಲವು ಅಧ್ಯಯನಗಳ ಅಂಕಿಗಳನ್ನು ಒಟ್ಟುಗೂಡಿಸಿದ ಫೋಕಾರ್ಡ್ ಮತ್ತು ಟಕರ್ ಪ್ರಕಾರ ಸತತ ನಾಲ್ಕನೆಯ ರಾತ್ರಿಯ ಅಪಘಾತದ ಅಪಾಯ ಮೊದಲ ರಾತ್ರಿಗಿಂತ ಸುಮಾರು ಶೇ 36 ಹೆಚ್ಚು. ‘ನಾಕ್ ದಿನ’ದ ಮಾತಿಗೆ ಇದು ಸರಿಯಾಗಿ ತಿರುಗುಮುರುಗು.

ಕಣ್ಣಿನದೂ ಇದೇ ಕಥೆ. ಫ್ಲಡ್‌ಲೈಟ್ ಹಾಕಿದೊಡನೆ ಎಲ್ಲ ಕಾಣುತ್ತದೆ ಅನ್ನಿಸುತ್ತದೆ. ಕಾಣುವುದು ಬೆಳಕು ಬಿದ್ದಷ್ಟೇ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಲು ಅರ್ಧ ಗಂಟೆ ಬೇಕು. ಪ್ರಖರ ದೀಪ ನೋಡುತ್ತಿರುವವನಿಗೆ ಆ ಅವಕಾಶವೇ ಇಲ್ಲ. ದೀಪದ ಮೇಲ್ಗಡೆ ಹಾದುಹೋದ ತಂತಿ ಅವನ ಪಾಲಿಗೆ ಇಲ್ಲವೇ ಇಲ್ಲ. 2024ರ ಜನವರಿಯಲ್ಲಿ ನಮ್ಮದೇ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟ ಯಶ್ ಹುಟ್ಟುಹಬ್ಬದ ಕಟೌಟನ್ನು ರಾತ್ರಿ ನಿಲ್ಲಿಸುವಾಗ ಅದರ ಲೋಹದ ಚೌಕಟ್ಟು ವಿದ್ಯುತ್ ತಂತಿಗೆ ತಾಗಿ ಮೂವರು ಯುವಕರು ಸತ್ತರು. ಅದು ಕಟ್ಟಡದ ಕೆಲಸವಲ್ಲ, ನಿಜ. ಆದರೆ ಕಬ್ಬಿಣದ ಸರಳನ್ನೋ ಸೆಂಟ್ರಿಂಗ್ ಪೈಪನ್ನೋ ನೆಟ್ಟಗೆ ಎತ್ತುವವನು ನಿಂತಿರುವುದೂ ಅಂಥದೇ ಕತ್ತಲೆಯಲ್ಲಿ. ತಂತಿಯ ಜಾಗ ಹಗಲಲ್ಲೇ ನೋಡಿ ಕೆಳಗೆ ಸುಣ್ಣದ ಗೆರೆ ಎಳೆದಿಡಬೇಕು. ಲೈನ್ ಬಂದ್ ಮಾಡಿಸಿದರೆ ಇನ್ನೂ ಒಳ್ಳೆಯದು.

ಇನ್ನು ಹೊಳೆಯುವ ಪಟ್ಟಿಯ ಜಾಕೆಟ್. ರಾತ್ರಿ ಗಾಡಿಯ ದೀಪ ಬಿದ್ದಾಗ ಎತ್ತಿನ ಕಣ್ಣು ಕೆಂಡದಂತೆ ಹೊಳೆಯುವುದನ್ನು ನೋಡಿದ್ದೀರಲ್ಲ? ಅದರ ಕಣ್ಣಿನ ಹಿಂಬದಿಯ ಹೊಳಪಿನ ಪದರ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಪಟ್ಟಿಯಲ್ಲಿ ಒತ್ತೊತ್ತಾಗಿ ಕೂಡಿಸಿರುವ ಪುಟ್ಟ ಗಾಜಿನ ಮಣಿಗಳದ್ದೂ ಅದೇ ಕೆಲಸ. ದೀಪದ ಪಕ್ಕದಲ್ಲೇ ಕಣ್ಣು ಇದ್ದವನಿಗೆ, ಅಂದರೆ ಎದುರಿನಿಂದ ಬರುವ ಚಾಲಕನಿಗೆ, ಪಟ್ಟಿ ಝಗ್ಗೆನ್ನುತ್ತದೆ. ಸ್ವಲ್ಪ ಬದಿಗೆ ಸರಿದು ನೋಡಿ, ಮಂಕಾಗುತ್ತದೆ. ಈಗ ಟಿಪ್ಪರ್ ಹಿಂದಕ್ಕೆ ಬರುತ್ತಿದೆ ಎಂದುಕೊಳ್ಳಿ. ರಿವರ್ಸ್ ದೀಪ ಹಿಂದೆ ತಗ್ಗಿನಲ್ಲಿ, ಚಾಲಕನ ಕನ್ನಡಿ ಮುಂದೆ ಎತ್ತರದಲ್ಲಿ. ಗಾಡಿಗೆ ಹತ್ತಿರ ನಿಂತವನ ಪಟ್ಟಿಯಿಂದ ಬೆಳಕು ದೀಪದ ಕಡೆಗೇ ಮರಳುತ್ತದೆ, ಚಾಲಕನ ಕಣ್ಣಿಗೆ ಬರುವುದು ಅಷ್ಟಿಷ್ಟೇ. ಅತಿ ಬೇಕಾದ ಹೊತ್ತಿನಲ್ಲಿ ಜಾಕೆಟ್ ಅರ್ಧ ಕುರುಡು. ಮೇಲೆ ಸಿಮೆಂಟಿನ ಹಾಲು ಒಣಗಿದ್ದರೆ ಅದೂ ಇಲ್ಲ. ಕೈದೀಪ ಹಿಡಿದು ಗಾಡಿ ಹಿಂದಕ್ಕೆ ತೆಗೆಸುವ ಒಬ್ಬ ಮನುಷ್ಯನ ಕೂಲಿ ಉಳಿಸಬಾರದು. ನಿಂತ ಟಿಪ್ಪರಿನ ಹಿಂದೆ, ಅಡಿಯಲ್ಲಿ ಮಲಗುವುದಂತೂ ಬೇಡವೇ ಬೇಡ.

ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರದ ರೆಕ್ಕೆ ಎತ್ತುವವರಿಗೆ ಇನ್ನೊಂದು ಮಾತು. ಕತ್ತಲಾದ ಮೇಲೆ ಗಾಳಿ ತಗ್ಗಿತೆಂದು ಕ್ರೇನ್ ಕೆಲಸ ಶುರುಮಾಡುತ್ತಾರೆ. ನೆಲದ ಮೇಲೆ ಅದು ನಿಜವೇ. ಆದರೆ ಹೊತ್ತು ಮುಳುಗಿ ನೆಲ ತಂಪಾದಾಗ ಅದಕ್ಕೆ ಹತ್ತಿದ ಗಾಳಿಯೂ ತಂಪಾಗಿ ತಳದಲ್ಲೇ ಕೂರುತ್ತದೆ, ಮೇಲಿನ ಗಾಳಿಗೂ ಅದಕ್ಕೂ ಸಂಪರ್ಕ ತಪ್ಪುತ್ತದೆ. ನೆಲದ ತಿಕ್ಕಾಟ ತಪ್ಪಿದ ಮೇಲಿನ ಗಾಳಿ ರಾತ್ರಿ ಇನ್ನಷ್ಟು ಬಿರುಸಾಗಬಲ್ಲದು. ಅಮೆರಿಕದ ಹವಾಮಾನ ವಿಜ್ಞಾನಿ ಆಲ್‌ಫ್ರೆಡ್ ಬ್ಲ್ಯಾಕಡಾರ್ 1957ರಲ್ಲಿ ಇದನ್ನು ವಿವರಿಸಿದರು. ಕೆಳಗೆ ಹಗ್ಗ ಹಿಡಿದು ರೆಕ್ಕೆಯ ಓಲಾಟ ತಡೆಯುವವನ ಬೀಡಿ ಹೊಗೆ ನೆಟ್ಟಗೆ ಏಳುತ್ತಿರುವಾಗಲೇ ನೂರು ಮೀಟರ್ ಮೇಲೆ ರೆಕ್ಕೆಯನ್ನು ಗಾಳಿ ಎಳೆಯುತ್ತಿರಬಹುದು. ಕ್ರೇನಿನ ತುದಿಗೆ ಗಾಳಿ ಅಳೆಯುವ ಬಟ್ಟಲು ಕಟ್ಟಿರುವುದು ಇದಕ್ಕೇ. ಅದರ ಅಂಕಿ ಕ್ಯಾಬಿನ್ನಿನಲ್ಲಿ ಕೂತವನಿಗೆ ಕಾಣುತ್ತದೆ, ಹಗ್ಗ ಹಿಡಿದವರಿಗೆ ಕಾಣುವುದಿಲ್ಲ. ಎತ್ತುವ ಮೊದಲು ಒಮ್ಮೆ, ಎತ್ತುವಾಗ ಮತ್ತೆ ಮತ್ತೆ, ವಾಕಿಟಾಕಿಯಲ್ಲಿ ಅದನ್ನು ಕೂಗಿ ಹೇಳಿಸಿಕೊಳ್ಳುವುದು ಅವರ ಹಕ್ಕು.